ಹಳದಿ ಟಿಟ್ಟಿಭದ ಸೈಟು

ಜಯನಗರ ಮುಗಿಯುವ ಕಡೆ ಆಗ ಏನೂ ಇರಲಿಲ್ಲ ಎಂದು ಈಗಲೂ ನಮ್ಮ ಮನೆಯಲ್ಲಿ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಏನೂ ಇಲ್ಲದಿದ್ದರೆ ಅರವತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಭಾನುವಾರ ಬಂತೆಂದರೆ ಬಸವನಗುಡಿಯಿಂದ ಅಷ್ಟು ದೂರ ನಾನು ಏನು ನೋಡಲು ಹೋಗುತ್ತಿದ್ದೆ? ಮೊಣಕಾಲುದ್ದ ಒಣಹುಲ್ಲು, ನಡುನಡುವೆ ಕೆಂಪು ಗರಸು ಮಣ್ಣಿನ ಬೋಳು ಜಾಗ, ಅಲ್ಲೊಂದು ಇಲ್ಲೊಂದು ಬಂಡೆ, ಬಂಡೆಯ ಮಗ್ಗುಲಿಗೆ ಲಂಟಾನ ಪೊದೆ. ಸಾರಕ್ಕಿ ಕಡೆಯಿಂದ ದನಗಳು ಮೇಯಲು ಬರುತ್ತಿದ್ದವು. ಯುಗಾದಿ ಹತ್ತಿರವಾದಂತೆ ಆ ಹುಲ್ಲಿನೊಳಗೆ ಸಂಸಾರಗಳು ಶುರುವಾಗುತ್ತಿದ್ದವು. ನೆಲಗುಬ್ಬಿ ನೆಟ್ಟಗೆ ಮೇಲೇರಿ, ಹಾಡಿ, ರೆಕ್ಕೆ ಮಡಚಿ ದಬಕ್ಕನೆ ಇಳಿಯುತ್ತಿತ್ತು. ಗೌಜಲು ಪೊದೆಯೊಳಗಿಂದ ಕೂಗಿ ಕೂಗಿ ಕರೆದು, ಹತ್ತಿರ ಹೋದರೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಸಂಜೆ ಬೆಳಕು ಇಳಿಯುವಾಗ ಕಲ್ಲುಗೊರವ ಹಕ್ಕಿ ಅಳುತ್ತಿತ್ತು. ಅದರ ಕೂಗಿಗೆ ಅಳು ಎನ್ನದೆ ಬೇರೆ ಹೆಸರು ನನಗೆ ಇವತ್ತಿಗೂ ಸಿಕ್ಕಿಲ್ಲ.

ನಾನಾಗ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಮದುವೆಗೆ ಬಂದ ಹುಡುಗಿ ಕೊರಳಿಗೆ ದುರ್ಬೀನು ಹಾಕಿಕೊಂಡು ಬಯಲು ಸುತ್ತುತ್ತಾಳೆ ಎಂದು ಬೀದಿಯ ಹೆಂಗಸರೆಲ್ಲ ನಮ್ಮಮ್ಮನಿಗೆ ಕನಿಕರ ತೋರಿಸಿ ಹೋಗುತ್ತಿದ್ದರು. ಆ ದುರ್ಬೀನನ್ನು ಅಪ್ಪ ಕಂಟೋನ್ಮೆಂಟಿನ ಹರಾಜೊಂದರಲ್ಲಿ ಹಿಡಿದು ತಂದಿದ್ದರು. ಅದರ ಎಡಗಣ್ಣಿಗೆ ಬೂಷ್ಟು ಹಿಡಿದಿತ್ತು. ಹಾಗಾಗಿ ನಾನು ನೋಡಿದ ಹಕ್ಕಿಗಳನ್ನೆಲ್ಲ ಒಂದೇ ಕಣ್ಣಿನಲ್ಲಿ ನೋಡಿದೆ, ಇನ್ನೊಂದು ಕಣ್ಣಿಗೆ ಯಾವಾಗಲೂ ಮಂಜು.

ಆ ಬಯಲಿಗೆ ಲೇಔಟು ಬಂತು. ಜಲ್ಲಿ ಸುರಿದ ರಸ್ತೆ, ತಂತಿಯಿಲ್ಲದ ಲೈಟುಕಂಬ, ಹುಲ್ಲಿನ ನಡುವೆ ನಂಬರು ಬರೆದ ಸೈಟುಕಲ್ಲು. ಅಲ್ಲೊಂದು ಸೈಟು ನಮ್ಮಣ್ಣನಿಗೆ ಸಿಕ್ಕಿತು. ಬಸವನಗುಡಿಯ ಬಾಡಿಗೆ ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ನಾನು, ಐದು ಜನ. ಊರೊಳಗೇ ಎಲ್ಲಾದರೂ ನೋಡಬಾರದಿತ್ತೇ, ಆ ಕಾಡಿನಲ್ಲಿ ಯಾಕೆ ಎಂದು ಅಮ್ಮ ನೂರು ಸಲ ಕೇಳಿದಳು. ಅಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ಮಾತು ಕಡಿಮೆ, ಹಟ ಜಾಸ್ತಿ. "ನಂಗೆ ಆ ಕಡೇನೇ ಬೇಕು" ಎಂದು ಬಿಟ್ಟ. ಸೈಟು ಕೈಗೆ ಬಂದ ಮೇಲೆ ತಕ್ಷಣ ಕಟ್ಟಲು ಶುರು ಮಾಡಬೇಕೆಂದು ಕುಳಿತ.

ಅಮ್ಮನಿಗೆ ಇನ್ನೊಂದು ಆತಂಕವಿತ್ತು. ಅತ್ತಿಗೆಗೆ ಐದನೇ ತಿಂಗಳು. ಹೆಂಡತಿ ಬಸುರಿಯಾಗಿದ್ದಾಗ ಗಂಡ ಮನೆಗೆ ಅಸ್ತಿಭಾರ ಹಾಕಬಾರದು ಎನ್ನುವುದು ನಮ್ಮಲ್ಲಿ ಹಳೆಯ ಪದ್ಧತಿ. ಬೇರೆ ಸೊಸೆಯಾಗಿದ್ದರೆ ಅಮ್ಮ ಅಷ್ಟು ಹಿಡಿದು ಕೂರುತ್ತಿರಲಿಲ್ಲವೋ ಏನೋ. ಅತ್ತಿಗೆ ಅದಕ್ಕೆ ಮೊದಲು ಎರಡು ಹೆತ್ತಿದ್ದರು. ಮೊದಲನೆಯದು ಹೆಣ್ಣು, ಹುಟ್ಟುವಾಗಲೇ ಉಸಿರಿರಲಿಲ್ಲ. ಎರಡನೆಯದು ಗಂಡು, ಎರಡು ದಿನ ಇತ್ತು. ಅಷ್ಟು ಚಿಕ್ಕ ಮಕ್ಕಳನ್ನು ಸುಡುವುದಿಲ್ಲ, ಹೂಳುತ್ತಾರೆ. ಗಂಡಸರು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗುತ್ತಾರೆ, ತಾಯಿಗೆ ತೋರಿಸುವುದಿಲ್ಲ, ಎಲ್ಲಿ ಎಂದು ಹೇಳುವುದೂ ಇಲ್ಲ. ಎರಡು ಸಲವೂ ಹಾಗೇ ಆಯಿತು. ಎರಡು ಸಲವೂ ಅತ್ತಿಗೆ ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ನಾನು ಕಂಡಿದ್ದೇನೆ. ಈ ಮೂರನೆಯದು ಉಳಿಯಬೇಕು ಎನ್ನುವುದೊಂದೇ ಆ ವರ್ಷ ನಮ್ಮ ಮನೆಯಲ್ಲಿ ಎಲ್ಲರ ಮನಸ್ಸಿನಲ್ಲಿದ್ದ ಮಾತು, ಯಾರೂ ಬಾಯಿಬಿಟ್ಟು ಆಡದ ಮಾತು. ಕೊನೆಗೆ ಅಪ್ಪ ತಮ್ಮ ಕೈಯಲ್ಲೇ ಗುದ್ದಲಿ ಪೂಜೆ ಮಾಡುವುದೆಂದು ರಾಜಿಯಾಯಿತು.

ಯುಗಾದಿ ಕಳೆದ ಮೊದಲ ಭಾನುವಾರ ಸಂಜೆ ಎಲ್ಲರೂ ಸೈಟು ನೋಡಲು ಹೋದೆವು. ಅಣ್ಣ ಅಪ್ಪನಿಗೆ ಬಾಗಿಲು ಎಲ್ಲಿ ಬರುತ್ತದೆ, ಬಾವಿ ಎಲ್ಲಿ ಎಂದು ತೋರಿಸುತ್ತಿದ್ದ. ನಾನು ಒಕ್ಕಣ್ಣಿನಲ್ಲಿ ನೆಲಗುಬ್ಬಿ ಹುಡುಕುತ್ತಿದ್ದೆ. ನಮ್ಮ ತಲೆಯ ಮೇಲೆ ಎರಡು ಹಕ್ಕಿಗಳು ಆಗಲೇ ಕಿರುಚಿಕೊಂಡು ಸುತ್ತುತ್ತಿದ್ದವು. ನೈರುತ್ಯದ ಮೂಲೆಗೆ ಹೋಗಿದ್ದ ಅತ್ತಿಗೆ "ಅಮ್ಮಾ" ಎಂದು ಕೂಗಿದರು. ಆ ದನಿ ಅವರದಲ್ಲ ಅನ್ನಿಸಿತು.

ಬೋಳು ನೆಲದ ಮೇಲೆ ಚಿಕ್ಕ ಚಿಕ್ಕ ಕಲ್ಲುಗಳನ್ನು ಗುಂಡಗೆ ಜೋಡಿಸಿತ್ತು. ಒಳಗೆ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣದ ಮೊಟ್ಟೆಗಳ ಮೇಲೆ ಯಾರೋ ಕಾಡಿಗೆ ಬೆರಳಿನಿಂದ ಒರೆಸಿದ ಹಾಗೆ ಕಪ್ಪು ಕಲೆಗಳು. ನಾಲ್ಕರ ಮೊನೆಯೂ ಒಳಮುಖವಾಗಿ, ಯಾರೋ ಬೇಕೆಂದೇ ಇಟ್ಟಂತಿತ್ತು. ನಮ್ಮ ಕಡೆಯವರು ಯಾರೇ ಆಗಲಿ, ಮನೆ ಕಟ್ಟುವ ಜಾಗದಲ್ಲಿ ಅದನ್ನು ಕಂಡರೆ ಅವರ ಬಾಯಿಂದ ಬರುವುದು ಒಂದೇ ಮಾತು.

"ಮಾಟ" ಎಂದಳು ಅಮ್ಮ, ಓಡಿ ಬಂದವಳು. "ಬಾಮ್ಮ ಈ ಕಡೆ. ದಾಟಬೇಡ. ನೋಡ್ಲೂಬೇಡ."

ಅತ್ತಿಗೆ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಹಿಂದೆ ಸರಿದರು. ಅಣ್ಣ ಬಂದು ಎಲ್ಲಿ ಎಂದ. ಅಮ್ಮ ಕೈ ತೋರಿಸಿದಳು. ಅಲ್ಲಿ ಏನೂ ಇರಲಿಲ್ಲ. ಬರೀ ಗರಸು, ಕಲ್ಲು, ಹುಲ್ಲಿನ ಬುಡ. ನಾನೂ ನೋಡಿದೆ, ಅಪ್ಪನೂ ನೋಡಿದರು, ಕಾಣಲಿಲ್ಲ. ಅದೇ ಜಾಗ, ಅದೇ ಬೆಳಕು. ಅಮ್ಮ ಕುಳಿತುಬಿಟ್ಟಳು. "ಈಗಿತ್ತು ಕಣೋ, ನಾವಿಬ್ರೂ ನೋಡಿದ್ವಿ" ಎಂದಳು.

ಆಗ ನನ್ನ ತಲೆಗೆ ಹೊಳೆಯಿತು. ಎಲ್ಲರನ್ನೂ ರಸ್ತೆಯವರೆಗೆ ಹಿಂದಕ್ಕೆ ಕರೆದುಕೊಂಡು ಹೋಗಿ ಸುಮ್ಮನೆ ನಿಲ್ಲಿಸಿದೆ. ಕಿರುಚಾಟ ನಿಂತಿತು. ಸ್ವಲ್ಪ ಹೊತ್ತಿಗೆ ಒಂದು ಹಕ್ಕಿ ಇಳಿಯಿತು. ಕಪ್ಪು ಟೋಪಿ, ಉದ್ದ ಹಳದಿ ಕಾಲು, ಕಣ್ಣ ಮುಂದಿನಿಂದ ಜೋತುಬಿದ್ದ ಹಳದಿ ತೊಗಲು. ಏನೂ ಗೊತ್ತಿಲ್ಲದವರ ಹಾಗೆ ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ ಓಡಿ, ಅದೇ ಮೂಲೆಯಲ್ಲಿ ಎದೆಯ ಗರಿ ಬಿಚ್ಚಿ ಕುಳಿತುಕೊಂಡಿತು.

"ಹಳದಿ ಟಿಟ್ಟಿಭ" ಎಂದೆ. "ಹಳ್ಳಿಯವರು ತೇನೆ ಹಕ್ಕಿ ಅಂತಾರಲ್ಲ, ಅದರ ಜಾತಿ. ಗೂಡು ಕಟ್ಟಲ್ಲ, ಬರಿ ನೆಲದ ಮೇಲೆ ಮೊಟ್ಟೆ ಇಡುತ್ತೆ, ಸುತ್ತ ಕಲ್ಲು ಜೋಡಿಸುತ್ತೆ. ನೆಲದ ಬಣ್ಣವೇ ಮೊಟ್ಟೆಗೂ. ಅದಕ್ಕೇ ಕಣ್ಣು ತಪ್ಪಿದ್ರೆ ಕಾಣಲ್ಲ. ಮಾಟವೂ ಇಲ್ಲ, ಮಂತ್ರವೂ ಇಲ್ಲ."

ಅಣ್ಣ ನಕ್ಕ. ಅಮ್ಮನಿಗೆ ಅರ್ಧ ನಂಬಿಕೆ ಬಂತು. ಅತ್ತಿಗೆ ಮಾತ್ರ ದುರ್ಬೀನು ಇಸಿದುಕೊಂಡು ಬಹಳ ಹೊತ್ತು ನೋಡಿದರು. ಬಸ್ಸಿನಲ್ಲಿ ನನ್ನ ಪಕ್ಕ ಕುಳಿತು ಮೆಲ್ಲಗೆ ಕೇಳಿದರು.

"ಪುಟ್ಟಿ, ನಿಜವಾಗ್ಲೂ ಹಕ್ಕಿ ಮೊಟ್ಟೆನೇನಾ?"

"ಆಣೆ ಮಾಡ್ಲಾ ಅತ್ತಿಗೆ?"

"ಬೇಡ. ಹಕ್ಕಿದಾದ್ರೆ ಮರಿ ಆಗುತ್ತಲ್ಲ. ಮಾಟದ್ದಾದ್ರೆ ಆಗಲ್ಲ. ಮರಿ ಆಗ್ಲಿ, ನೋಡ್ತೀನಿ. ಆಮೇಲೆ ನಂಬ್ತೀನಿ, ನಂದೂ ಉಳಿಯುತ್ತೆ ಅಂತ."

ಭಯ ಬಿಡಿಸಲು ಹೋಗಿ ಎಂಥ ಕಡೆ ಬಂದು ನಿಂತೆವು ನೋಡಿ. ನೆಲದ ಮೇಲಿನ ಮೊಟ್ಟೆ, ಅದೂ ದನ ಓಡಾಡುವ, ಕಲ್ಲಿನ ಗಾಡಿ ಬರುವ, ನಾಯಿ ನರಿ ತಿರುಗುವ ಬಯಲಿನಲ್ಲಿ. ಹತ್ತರಲ್ಲಿ ಎಷ್ಟು ಉಳಿಯುತ್ತವೆ ಎಂದು ನನಗೆ ಗೊತ್ತಿತ್ತು. ಅವರಿಗೆ ಹೇಳುವ ಧೈರ್ಯ ಬರಲಿಲ್ಲ.

ಅಣ್ಣನನ್ನು ಒಪ್ಪಿಸುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಅವನು ಜಗಳವಾಡುತ್ತಾನೆಂದು ನಾನು ಸೊಂಟ ಕಟ್ಟಿಕೊಂಡು ಹೋಗಿದ್ದೆ. ಅವನು ಅತ್ತಿಗೆಯ ಮುಖ ನೋಡಿ, "ವೈಶಾಖದಲ್ಲಿ ಮುಹೂರ್ತ ಇಡ್ಸೋಣ ಬಿಡು. ಕಲ್ಲಿನವನಿಗೆ ಹೇಳ್ತೀನಿ" ಎಂದ. ಈ ಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಸುಮಾರು ನಾಲ್ಕು ವಾರ. ಅಷ್ಟು ಸಾಕಾಗಿತ್ತು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತೇನು. ಆ ಬಯಲಿಗೆ ಕೆಟ್ಟದ್ದು ಮಾಡಿದವರು ಕೆಟ್ಟವರಲ್ಲ. ಅದೇ ಬೇಸಿಗೆಯಲ್ಲಿ ಬಡಾವಣೆಯ ಹಿರಿಯರು ಕೆಲವರು ಸೇರಿ ಹುಲ್ಲು ಹೆರೆಸಿ ಗುಲ್‌ಮೊಹರ್ ಸಸಿ ನೆಡಿಸುವ ಸನ್ನಾಹದಲ್ಲಿದ್ದರು. ನಾನು ಹೋಗಿ, ಹುಲ್ಲು ಹಾಗೇ ಇರಲಿ ಸಾರ್, ಈ ಹಕ್ಕಿಗಳಿಗೆ ಮರ ಬೇಡ, ಮರ ಬಂದರೆ ಕಾಗೆ ಬರುತ್ತದೆ, ಕಾಗೆ ಮೊಟ್ಟೆ ಎತ್ತುತ್ತದೆ ಎಂದೆ. "ಖಾಲಿ ಜಾಗ ಹಾಗೆ ಬಿಟ್ಟಿರಕ್ಕಾಗುತ್ತೇನಮ್ಮ? ಹಸಿರು ಬೇಡ ಅಂತೀಯಲ್ಲ, ಓದಿದವಳು!" ಎಂದು ಒಬ್ಬರು ಪ್ರೀತಿಯಿಂದಲೇ ಗದರಿದರು. ಹುಲ್ಲು ಹಸಿರಲ್ಲ, ಹುಲ್ಲಿರುವ ಜಾಗ ಖಾಲಿ. ಈ ಎರಡು ನಂಬಿಕೆಯನ್ನು ಅಲ್ಲಾಡಿಸಲು ನನಗೆ ಇಡೀ ಆಯುಸ್ಸಿನಲ್ಲಿ ಆಗಲಿಲ್ಲ. ಎಷ್ಟೋ ಕಡೆ ಹೋಗಿ ಮಾತಾಡಿದ್ದೇನೆ, ಬೈಸಿಕೊಂಡಿದ್ದೇನೆ. ಮರದ ಪರವಾಗಿ ಅಳುವವರು ಸಿಗುತ್ತಾರೆ, ಹುಲ್ಲಿನ ಪರವಾಗಿ ಯಾರೂ ಅಳುವುದಿಲ್ಲ.

ಶಾಲೆಗೆ ಬೇಸಿಗೆ ರಜೆ ಬಂತು. ದಿನ ಬಿಟ್ಟು ದಿನ ನಾನೂ ಅತ್ತಿಗೆಯೂ ಬಸ್ಸು ಹತ್ತುತ್ತಿದ್ದೆವು. ಬನಶಂಕರಿ ಗುಡಿಗೆ ಎಂದು ಅಮ್ಮನಿಗೆ ಹೇಳುತ್ತಿದ್ದೆವು. ಶುಕ್ರವಾರದ ಮಟ್ಟಿಗೆ ಅದು ಸುಳ್ಳಲ್ಲ. ಒಂದು ದಿನ ಗೂಡಿನ ಹತ್ತಿರಕ್ಕೇ ಎತ್ತಿನ ಗಾಡಿಯ ಹೊಸ ಚಕ್ರದ ಗುರುತು ಬಿದ್ದಿತ್ತು. ಒಂದು ಗೇಣು ಈ ಕಡೆ ಬಂದಿದ್ದರೆ ಮುಗಿಯುತ್ತಿತ್ತು. ನಾನು ಬೇಲಿ ಹಾಕೋಣವೇ ಎಂದೆ. ಬೇಲಿ ಕಂಡರೆ ಒಳಗೇನಿದೆ ಎಂದು ಇಣುಕುತ್ತಾರೆ ಎಂದರು ಅತ್ತಿಗೆ. ಅವರು ಬಹಳ ಹೊತ್ತು ಆ ಚಕ್ರದ ಗುರುತು ನೋಡುತ್ತಾ ನಿಂತಿದ್ದರು. ಆಮೇಲೆ ಸೆರಗಿನ ಗಂಟು ಬಿಚ್ಚಿದರು.

ಗಂಟಿನಲ್ಲಿ ಗುಡಿಯಲ್ಲಿ ದೀಪ ಹಚ್ಚಿದ ನಿಂಬೆಹಣ್ಣಿನ ಹೋಳುಗಳಿದ್ದವು, ರಸ ಹಿಂಡಿ ಒಳಗು ಹೊರಗು ಮಾಡಿದ ಸಿಪ್ಪೆ. ಅದರ ತುಂಬ ಕುಂಕುಮ ಮೆತ್ತಿದರು. ಗೂಡಿಗೆ ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿ, ಗಾಡಿಜಾಡು ಹುಲ್ಲಿಗೆ ತಿರುಗುವ ಕಡೆ ಒಂದು, ದನ ಬರುವ ಕಡೆ ಒಂದು, ಮೂಲೆಕಲ್ಲಿನ ಬುಡದಲ್ಲಿ ಒಂದು ಇಟ್ಟರು. ಒಂದು ಹಿಡಿ ಸಾಸಿವೆ ಚೆಲ್ಲಿದರು. ತಲೆಯಿಂದ ಎರಡು ಕೂದಲು ಕಿತ್ತು ಸುತ್ತಿ ನಿಂಬೆಯ ಕೆಳಗೆ ಸಿಕ್ಕಿಸಿದರು.

"ಇದೆಲ್ಲ ಎಲ್ಲಿ ಕಲಿತ್ರಿ ಅತ್ತಿಗೆ?"

"ಯಾವುದಕ್ಕೆ ಹೆದರ್ತೀವೋ ಅದನ್ನ ಕಲಿಯೋದೇನು ಬಂತು" ಎಂದರು. ನಗಲಿಲ್ಲ.

ನಾನು ನಕ್ಕೆ. ವಿಜ್ಞಾನದ ಮೇಡಂ ಮಾಟಕ್ಕೆ ಕಾವಲು ನಿಂತಿದ್ದಳಲ್ಲ, ನಗದೆ ಏನು ಮಾಡಲಿ. ಅದು ಕೆಲಸವನ್ನೂ ಮಾಡಿತು. ಮಾರನೆಯ ವಾರದ ಹೊತ್ತಿಗೆ ಗಾಡಿಗಳು ಸುತ್ತಿ ಬಳಸಿ ಹೋಗುತ್ತಿದ್ದವು. ಅಕ್ಕಪಕ್ಕದ ಸೈಟಿನವರು ತಮ್ಮ ಕಲ್ಲು ನೋಡಲೂ ಬರಲಿಲ್ಲ. ಸುತ್ತಲ ಹುಲ್ಲನ್ನು ಯಾರೂ ಕೊಯ್ಯಲಿಲ್ಲ. ಸಸಿ ನೆಡುವವರೂ ಆ ಸಾಲಿಗೆ ಕಾಲಿಡಲಿಲ್ಲ. ಹುಲ್ಲು ಕೊಯ್ಯುವ ಸಾರಕ್ಕಿಯ ಹೆಂಗಸೊಬ್ಬಳು ನಮ್ಮನ್ನು ರಸ್ತೆಯಲ್ಲೇ ತಡೆದು, "ಅಕ್ಕಾ, ಆ ಕಡೀಕೆ ಹೋಗ್ಬ್ಯಾಡಿ. ಯಾರೋ ಬಸುರಿಗೆ ಮಾಡಿ ಮಡಗವ್ರೆ. ಸಂಜೀಕೆ ಮಗ ಅಳೋದು ಕೇಳ್ತದೆ" ಎಂದಳು. ನಮ್ಮ ಮಾಟಕ್ಕೆ ನಮ್ಮನ್ನೇ ಹೆದರಿಸುತ್ತಿದ್ದಾಳೆ ಎಂದು ನಾನು ತುಟಿ ಕಚ್ಚಿಕೊಂಡೆ. ಅಳುವುದು ಕಲ್ಲುಗೊರವ ಎಂದೂ ಗೊತ್ತಿತ್ತು. ಆದರೆ ಬಸುರಿಗೆ ಎಂದು ಅವಳಿಗೆ ಹೇಳಿದವರು ಯಾರು? ನಿಂಬೆಹಣ್ಣಿನ ಮೇಲೆ ಹಾಗೆಂದು ಬರೆದಿರಲಿಲ್ಲವಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ ನನ್ನ ನಗು ನಿಂತಿತು.

ಅದಾದ ಮೇಲೆ ನಾವು ಇಡದ ವಸ್ತುಗಳು ಕಾಣಿಸಿಕೊಂಡವು.

ಮೊದಲು ಒಡೆದ ಹಸಿರು ಬಳೆ, ನಮ್ಮ ನಿಂಬೆಯ ಪಕ್ಕ ಒತ್ತಾಗಿ. ಗಾಳಿಗೆ ಬಂತು ಅನ್ನಲು ಬಳೆಗೆ ರೆಕ್ಕೆ ಇಲ್ಲ. ಆಮೇಲೆ ಕೋಳಿಮೊಟ್ಟೆ, ಅರಿಶಿನ ಬಳಿದು ಕಾಡಿಗೆ ಗೆರೆ ಎಳೆದದ್ದು. ಅದು ನಮ್ಮ ನಿಂಬೆಗಿಂತ ಹತ್ತು ಹೆಜ್ಜೆ ಒಳಗಿತ್ತು, ಗೂಡಿನ ಕಡೆಗೆ. ಸುಳ್ಳಿಗೆ ನಾವು ಇಟ್ಟದ್ದನ್ನು ಯಾರೋ ನಿಜವೆಂದು ನಂಬಿ, ಅದಕ್ಕೆ ಉತ್ತರ ಕೊಡುತ್ತಿದ್ದರು. ಯಾರು, ಯಾರ ಮೇಲೆ, ಗೊತ್ತಿಲ್ಲ. ದುರ್ಬೀನು ಹಾಕಿ ಸುತ್ತ ನೋಡಿದೆ. ಬಯಲಿನಲ್ಲಿ ಒಂದು ನರಪಿಳ್ಳೆಯಿಲ್ಲ. ಬೂಷ್ಟು ಹಿಡಿದ ಎಡಗಣ್ಣಿನ ಮಂಜಿನಲ್ಲಿ ಮಾತ್ರ ಯಾರೋ ಬಗ್ಗಿ ಕುಳಿತಿದ್ದಾರೆ ಅನ್ನಿಸುತ್ತಿತ್ತು, ಬಲಗಣ್ಣಿನಲ್ಲಿ ಅದು ಪೊದೆ. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಇನ್ನು ಬರುವುದು ಬೇಡ ಎಂದು ಅತ್ತಿಗೆಗೆ ಹೇಳಿದೆ. "ಅವು ಎಲ್ಲಿಗೆ ಹೋಗ್ತವೆ? ನಾವು ಬರ್ದೇ ಇದ್ರೆ ಅವು ಎದ್ದು ಬೇರೆ ಕಡೆ ಹೋಗ್ತವಾ?" ಎಂದರು ಅವರು. ಮೊಟ್ಟೆಗಳನ್ನು ಕುರಿತು ಹೇಳಿದ್ದು.

ನಾಲ್ಕನೆಯ ವಾರ ಅಮ್ಮ ಊಟ ಮಾಡಿ ಮಲಗಿದ ಹೊತ್ತಿಗೆ ಹೊರಟೆವು. ಬಸುರಿ ಹೆಂಗಸು ಮಟಮಟ ಮಧ್ಯಾಹ್ನ ಬಯಲಿಗೆ ಹೋಗಬಾರದೆಂದು ಅಮ್ಮ ದಿನಕ್ಕೊಮ್ಮೆ ಹೇಳುತ್ತಿದ್ದಳು. ಹೊತ್ತು ನೆತ್ತಿಯ ಮೇಲಿತ್ತು. ಹುಲ್ಲು ಅಲ್ಲಾಡುತ್ತಿರಲಿಲ್ಲ, ನೆರಳು ಎನ್ನುವುದು ಕಲ್ಲಿನ ಬುಡದಲ್ಲೂ ಇರಲಿಲ್ಲ. ಸಂಜೆಯ ಬಯಲಿಗಿಂತ ಆ ಮಧ್ಯಾಹ್ನದ ಬಯಲು ಭಯಾನಕವಾಗಿತ್ತು. ದೂರದಿಂದಲೇ ಟಿಟ್ಟಿಭದ ಕೂಗು ಕೇಳಿತು. ನಾವಿನ್ನೂ ರಸ್ತೆಯಲ್ಲಿದ್ದೆವು, ಅಷ್ಟು ದೂರಕ್ಕೆ ಅವು ಎಂದೂ ಕೂಗುತ್ತಿರಲಿಲ್ಲ. ಎರಡೂ ನೆಲದ ಮೇಲೇ ಇದ್ದವು. ಗೂಡಿನ ಹತ್ತಿರ ಓಡಿ ಬರುವುದು, ಕತ್ತು ನಿಮಿರಿಸಿ ನೋಡುವುದು, ಹಿಂದಕ್ಕೆ ಓಡುವುದು. ಒಂದರ ಹೊಟ್ಟೆಯ ಗರಿ ಒದ್ದೆಯಾಗಿ ಅಂಟಿಕೊಂಡಿತ್ತು. ಬಿಸಿಲು ಜೋರಾದಾಗ ಅವು ಹೊಟ್ಟೆ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತವೆ. ನೀರು ತಂದಿದೆ, ಕೂರುತ್ತಿಲ್ಲ.

ಹತ್ತಿರ ಹೋದೆವು. ಕಲ್ಲಿನ ಬಳೆಯ ಒಳಗೇ, ಮೊಟ್ಟೆಗಳಿಗೆ ತಾಗಿಕೊಂಡು ರಾಗಿಹಿಟ್ಟಿನ ಬೊಂಬೆ ಮಲಗಿತ್ತು. ಕರ್ರಗೆ, ಒಂದು ಗೇಣುದ್ದ. ತಲೆಗೆ ನಿಜವಾದ ಕೂದಲು ಸುತ್ತಿತ್ತು. ಹೊಟ್ಟೆಯನ್ನು ಉಬ್ಬಿಸಿ ಮಾಡಿದ್ದರು. ಉಬ್ಬಿದ ಹೊಟ್ಟೆಯ ತುಂಬ ಜಾಲಿ ಮುಳ್ಳು.

ಅದನ್ನು ತೆಗೆಯದಿದ್ದರೆ ಹಕ್ಕಿ ಕೂರುವುದಿಲ್ಲ. ಹಕ್ಕಿ ಕೂರದಿದ್ದರೆ ಆ ಬಿಸಿಲಿಗೆ ಮೊಟ್ಟೆಗಳು ಬೇಯುತ್ತವೆ. ನಾಲ್ಕು ವಾರ ಕಾದದ್ದು ಒಂದು ಗಳಿಗೆಯಲ್ಲಿ ಹೋಗುತ್ತದೆ. ಇಷ್ಟು ಸ್ಪಷ್ಟವಾಗಿ ನನಗೆ ತಿಳಿದಿತ್ತು. ಬಗ್ಗಿದೆ, ಕೈ ಚಾಚಿದೆ. ಕೈ ಮುಂದೆ ಹೋಗಲಿಲ್ಲ. ಹಿಟ್ಟು ಮತ್ತು ಮುಳ್ಳು ಎಂದು ತಲೆ ಹೇಳುತ್ತಿತ್ತು, ಬೆರಳು ಕೇಳುತ್ತಿರಲಿಲ್ಲ. ಕೋಲೊಂದು ಸಿಕ್ಕೀತೇ ಎಂದು ತಿರುಗಿ ಹುಡುಕಿದೆ.

ಅಷ್ಟರಲ್ಲಿ ಅತ್ತಿಗೆ ಮಂಡಿಯೂರಿದ್ದರು. ನಾನು "ಬೇಡ ಅತ್ತಿಗೆ, ನೀವು ಬೇಡ" ಎಂದು ಕೂಗಿದೆ. ಅವರು ಎರಡೂ ಕೈಯಿಂದ ಅದನ್ನು ಎತ್ತಿಕೊಂಡರು, ಕೂಸನ್ನು ಎತ್ತುವ ಹಾಗೆ, ತಲೆಯ ಕೆಳಗೊಂದು ಕೈ ಕೊಟ್ಟು. ಲಂಟಾನದ ಪೊದೆಯವರೆಗೆ ನಡೆದು ಹೋಗಿ ಕುಳಿತರು. ಒಂದೊಂದಾಗಿ ಮುಳ್ಳು ಕಿತ್ತರು. ಬೆರಳಿಗೆ ಎಂಜಲು ಮಾಡಿಕೊಂಡು ಹೊಟ್ಟೆಯ ಮೇಲಿನ ತೂತುಗಳನ್ನು ಸವರಿ ಮುಚ್ಚಿದರು. ಅವರ ಮುಖದ ಮೇಲೆಲ್ಲ ಬೆವರಿತ್ತು. ಅವರು ಹೆದರಿಲ್ಲ ಎಂದು ಯಾರೂ ಅಂದುಕೊಳ್ಳಬಾರದು. ಅಷ್ಟು ಹೆದರಿದವರನ್ನು ನಾನು ಮತ್ತೆ ನೋಡಿಲ್ಲ.

"ಯಾಕೆ ಮುಟ್ಟಿದ್ರಿ?" ಎಂದೆ. ನನಗೆ ಅಳು ಬಂದಿತ್ತು.

"ಮತ್ತೆ ಬಿಸಿಲಲ್ಲಿ ಬಿಟ್ಟು ಹೋಗಕ್ಕಾಗುತ್ತಾ?" ಎಂದರು. ಮೊಟ್ಟೆಗಳನ್ನೋ ಬೊಂಬೆಯನ್ನೋ ತಿಳಿಯಲಿಲ್ಲ. ಪೊದೆಯ ನೆರಳಿಗೆ ಅದನ್ನು ಮಲಗಿಸಿ ಮೇಲೆ ಎಲೆ ಮುಚ್ಚಿದರು. ತಿರುಗಿ ನೋಡಿದಾಗ ಕೂಗು ನಿಂತಿತ್ತು. ಒದ್ದೆ ಹೊಟ್ಟೆಯ ಹಕ್ಕಿ ಗೂಡಿನ ಮೇಲೆ ಕುಳಿತಿತ್ತು.

ಮನೆಗೆ ಬಂದು ನಾನು ಜ್ವರ ಹಿಡಿದು ಮಲಗಿದೆ. ಅತ್ತಿಗೆ ಚೆನ್ನಾಗಿ ಊಟ ಮಾಡಿದರು, ಚೆನ್ನಾಗಿ ನಿದ್ದೆ ಮಾಡಿದರು. ನನಗೆ ಅದೇ ಹೆಚ್ಚು ದಿಗಿಲು. ಪ್ರತಿ ಬೆಳಿಗ್ಗೆ ಅವರ ಮುಖ ನೋಡುತ್ತಿದ್ದೆ, ಹೊಟ್ಟೆ ನೋಡುತ್ತಿದ್ದೆ. ನಂಬದವಳು ನಾನು, ನಂಬಿದವರು ಅವರು, ಕಾಯುತ್ತಿದ್ದವಳು ಮಾತ್ರ ನಾನು.

ನಾನು ಎದ್ದು ಓಡಾಡುವ ಹೊತ್ತಿಗೆ ಮುಹೂರ್ತದ ದಿನವೇ ಬಂದಿತ್ತು. ಬೆಳಿಗ್ಗೆ ಎಲ್ಲರೂ ಜಟಕಾದಲ್ಲಿ ಹೋದೆವು. ಪುರೋಹಿತರು ಈಶಾನ್ಯದ ಮೂಲೆಯಲ್ಲಿ ರಂಗೋಲಿ ಹಾಕಿ ಕುಳಿತಿದ್ದರು. ಅಪ್ಪ ಮಡಿಯುಟ್ಟಿದ್ದರು. ನೆಲಕ್ಕೆ ಎರೆಯಲೆಂದು ಅಮ್ಮ ಚೊಂಬಿನಲ್ಲಿ ಹಾಲು ತಂದಿದ್ದಳು. ಅತ್ತಿಗೆ ಯಾರ ಕಡೆಗೂ ನೋಡದೆ ನೇರ ನೈರುತ್ಯಕ್ಕೆ ನಡೆದರು. ನಾನು ಹಿಂದೆ ಹೋದೆ. ಅಣ್ಣನೂ ಬಂದ.

ಕಲ್ಲಿನ ಬಳೆಯಲ್ಲಿ ಒಂದೇ ಮೊಟ್ಟೆ ಇತ್ತು.

ನಾನು ಗಡಿಬಿಡಿಯಿಂದ ಹೇಳತೊಡಗಿದೆ. ಮೂರು ಮರಿಯಾಗಿವೆ ಅತ್ತಿಗೆ, ಮರಿಗಳು ಹುಟ್ಟಿದ ದಿನವೇ ಎದ್ದು ಓಡುತ್ತವೆ, ಚಿಪ್ಪನ್ನು ಹಕ್ಕಿಯೇ ಎತ್ತಿಕೊಂಡು ಹೋಗಿ ದೂರ ಎಸೆಯುತ್ತದೆ, ಅದಕ್ಕೇ ಏನೂ ಕಾಣುವುದಿಲ್ಲ, ನೋಡಿ ಎರಡೂ ಹಕ್ಕಿ ಹೇಗೆ ಕೂಗುತ್ತಿವೆ, ಮರಿಗಳು ಇಲ್ಲೇ ಹುಲ್ಲಿನಲ್ಲಿ ಅವಿತಿವೆ. ಅದೆಲ್ಲ ನಿಜವೇ. ಅತ್ತಿಗೆ ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದರು. ಅವರು ಆಗಲೇ ನೋಡಿದ್ದರು. ಹುಲ್ಲಿನ ಬುಡದಲ್ಲಿ ಗರಸಿನ ಬಣ್ಣದ ಒಂದು ಉಂಡೆಗೆ ಕಣ್ಣಿತ್ತು. ಆ ಕಣ್ಣು ನಮ್ಮನ್ನು ನೋಡುತ್ತಿತ್ತು. ಇನ್ನೆರಡು ನನಗೆ ಕಾಣಲಿಲ್ಲ, ಅವರಿಗೆ ಕಂಡವಂತೆ.

ಅತ್ತಿಗೆ ಉಳಿದ ಮೊಟ್ಟೆಯನ್ನು ಕೈಗೆ ತೆಗೆದುಕೊಂಡರು. ಕಿವಿಗೆ ಹಿಡಿದರು. ಕೆನ್ನೆಗೆ ಒತ್ತಿಕೊಂಡರು. "ತಣ್ಣಗಿದೆ" ಎಂದರು. ಆಮೇಲೆ ಬೆರಳಿನಿಂದ ಗರಸು ಕೆದಕಿ, ಅದೇ ಜಾಗದಲ್ಲಿ ಗುಂಡಿ ಮಾಡಿ ಅದನ್ನು ಇಟ್ಟು ಮಣ್ಣು ಮುಚ್ಚಿದರು. ಎದ್ದು ಹೋಗಿ, ಪುರೋಹಿತರು ಹಾ ಹಾ ಎನ್ನುತ್ತಿದ್ದಂತೆಯೇ, ಹಾಲಿನ ಚೊಂಬು ತಂದು ಅದರ ಮೇಲೆ ಎರೆದರು. ನಮ್ಮಲ್ಲಿ ಕೂಸುಗಳನ್ನು ಹೂತ ಮೇಲೆ ಹಾಲೆರೆಯುತ್ತಾರೆ. ಅವರ ಎರಡು ಕೂಸುಗಳಿಗೆ ಎರೆದವರು ಗಂಡಸರು.

ಮತ್ತೆ ಮಂಡಿಯೂರಿ, ತಲೆ ಎತ್ತದೆ ಅಣ್ಣನನ್ನು ಕೇಳಿದರು.

"ನನ್ನವನ್ನ ಎಲ್ಲಿ ಇಟ್ರಿ?"

ಇಷ್ಟು ವರ್ಷದಲ್ಲಿ ಅವರು ಈ ಮಾತು ಕೇಳಿರಲಿಲ್ಲ. ಅಣ್ಣ ಸೈಟುಕಲ್ಲಿನಾಚೆಯ ಹುಲ್ಲಿನ ಕಡೆ ನೋಡಿದ.

"ಈ ಕಡೇನೇ ತಂದಿದ್ದು" ಎಂದ. "ಎರಡನ್ನೂ. ಆಗ ರೋಡಿಲ್ಲ, ಕಲ್ಲಿಲ್ಲ, ಏನೂ ಇರ್ಲಿಲ್ಲ."

"ಎಲ್ಲಿ, ತೋರ್ಸಿ."

"ಗೊತ್ತಿಲ್ಲ ಕಣೆ. ಎರಡನೇದು ಆದಾಗ ಮಾರನೇ ದಿನ ರಜಾ ಹಾಕಿ ಬಂದಿದ್ದೆ. ಎಲ್ಲಾ ಕಡೆ ಹುಲ್ಲು ಒಂದೇ ಥರ ಇತ್ತು. ಸಂಜೆವರ್ಗೂ ಹುಡುಕಿದೆ, ಸಿಗ್ಲಿಲ್ಲ." ಅವರ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, "ಅದಕ್ಕೇ ಇಲ್ಲೇ ಸೈಟ್ ಕೇಳ್ದೆ. ಹತ್ರ ಇರೋಣ ಅಂತ" ಎಂದ.

ಪುರೋಹಿತರು ಮುಹೂರ್ತ ಮೀರುತ್ತದೆ ಎಂದು ಕೂಗಿದರು. "ಮೀರಲಿ ಬಿಡಿ" ಎಂದರು ಅಪ್ಪ. ಅತ್ತಿಗೆ ಚೊಂಬು ಹಿಡಿದುಕೊಂಡು ಎದ್ದು, ಸೈಟುಕಲ್ಲು ದಾಟಿ ಹುಲ್ಲಿನೊಳಗೆ ನಡೆದರು. ಇಲ್ಲಿಷ್ಟು ಅಲ್ಲಿಷ್ಟು ಹಾಲು ಎರೆಯುತ್ತಾ ಹೋದರು, ಎಲ್ಲಿ ಎಂದು ಗೊತ್ತಿಲ್ಲವಲ್ಲ. ಅಣ್ಣ ಅವರ ಹಿಂದೆ ಹೋದ. ಅವರಿಬ್ಬರ ಮುಂದೆ ಮುಂದೆ ಬಯಲಿನ ಒಂದೊಂದು ಮೂಲೆಯಿಂದ ಒಂದೊಂದು ಜೋಡಿ ಟಿಟ್ಟಿಭ ಎದ್ದು ಕೂಗುತ್ತಿದ್ದವು. ಅಷ್ಟೊಂದು ಇವೆ ಎಂದು ನನಗೂ ಗೊತ್ತಿರಲಿಲ್ಲ.

ಶ್ರಾವಣದಲ್ಲಿ ಹುಡುಗಿ ಹುಟ್ಟಿದಳು. ಬೀದಿಗೆಲ್ಲ ಕೇಳುವಂತೆ ಅತ್ತಳು, ಉಳಿದಳು. ಮಾರನೆಯ ವರ್ಷ ಮನೆಯೂ ಎದ್ದಿತು. ಅದರ ಹಿಂದೆ ಹುಲ್ಲು ಇನ್ನೂ ಕೆಲವು ವರ್ಷ ಇತ್ತು. ಯುಗಾದಿ ಬಂದರೆ ಅತ್ತಿಗೆ ಮಗಳ ಕೈ ಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದರು, ನಾನು ದುರ್ಬೀನು ಹಾಕಿಕೊಂಡು ಜೊತೆಗೆ. "ನೋಡ್ಕೊಂಡು ಕಾಲಿಡು ಮರಿ" ಎನ್ನುತ್ತಿದ್ದರು ಹೆಜ್ಜೆ ಹೆಜ್ಜೆಗೂ. ಹಕ್ಕಿಯ ಮೊಟ್ಟೆಗಳಿಗಾಗಿ ಹೇಳುತ್ತಿದ್ದಾರೆ ಎಂದೇ ಮಗು ತಿಳಿದುಕೊಂಡಿತ್ತು.